ಮಂಗಳವಾರ ಕೆಡುವ ಪ್ಲಗ್ಗು

ಹದಿನೈದು ಮೈಲಿ ದಾರಿಗೆ ಮೋಟಾರ್ ಸೈಕಲ್ಲಿನಲ್ಲಿ ಐದು ಗಂಟೆ ತೆಗೆದುಕೊಳ್ಳಬಲ್ಲ ಮನುಷ್ಯ ಇಡೀ ಮೈಸೂರು ಸಂಸ್ಥಾನದಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಚಿಕ್ಕಮಾವ. ಮಳವಳ್ಳಿಯಿಂದ ಮದ್ದೂರಿಗೆ ಎತ್ತಿನ ಗಾಡಿಯವರು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುತ್ತಿದ್ದರು. ಚಿಕ್ಕಮಾವನವರೂ ಊಟದ ಹೊತ್ತಿಗೇ ತಲುಪುತ್ತಿದ್ದರು. ವ್ಯತ್ಯಾಸ ಇಷ್ಟೇ, ಎತ್ತುಗಳಿಗೆ ಪೆಟ್ರೋಲ್ ಕೂಪನ್ ಬೇಕಾಗಿರಲಿಲ್ಲ.

ಚಿಕ್ಕಮಾವ ಎಂದರೆ ನಮ್ಮ ಯಜಮಾನರ ಚಿಕ್ಕಪ್ಪ. ಸರ್ಕಾರದ ದನದ ಇನ್ಸ್‌ಪೆಕ್ಟರು. ಸುತ್ತಿನ ಹಳ್ಳಿಗಳ ಎತ್ತು ಎಮ್ಮೆಗಳ ನಾಲಿಗೆ ಎಳೆದು ನೋಡುವುದು ಅವರ ಉದ್ಯೋಗ. ದಂಡಿನ ದೊರೆಯೊಬ್ಬ ಸೀಮೆಗೆ ವಾಪಸ್ಸು ಹೋಗುವಾಗ ಬಿಟ್ಟುಹೋದ ಹಳೇ ಇಂಗ್ಲಿಷ್ ಮೋಟಾರ್ ಸೈಕಲ್ಲೊಂದನ್ನು ಅವರು ಬೆಂಗಳೂರಿನಿಂದ ತಂದಿದ್ದರು. ಅದರ ಪಕ್ಕಕ್ಕೆ ಒಬ್ಬರು ಕೂರುವಂಥ, ದೋಣಿಯ ಆಕಾರದ ಒಂದು ಡಬ್ಬಿ, ಅದಕ್ಕೊಂದು ಬೇರೆ ಚಕ್ರ. ಮನೆಯವರೆಲ್ಲ ಅದನ್ನು ತೊಟ್ಟಿಲು ಎನ್ನುತ್ತಿದ್ದೆವು. ಚಿಕ್ಕಮಾವನ ತಾಯಿ, ಎಂದರೆ ನಮ್ಮೆಲ್ಲರ ಅವ್ವ, ಗಾಡಿಗೆ ಇಟ್ಟಿದ್ದ ಹೆಸರು ಗುಡುಗುಮಾರಿ. ಅವ್ವ ಇಟ್ಟ ಹೆಸರನ್ನು ಬದಲಾಯಿಸುವ ಧೈರ್ಯ ಯಾರಿಗಿತ್ತು?

ಅದು ಯುದ್ಧದ ಕಾಲ. ನಾನು ಕೆರಗೋಡಿನಿಂದ ಆ ಮನೆಗೆ ಸೊಸೆಯಾಗಿ ಬಂದಾಗ ಅಲ್ಲಿ ಇಪ್ಪತ್ತಮೂರು ಜನ, ಎರಡು ಕೋಣೆ. ಒಂದು ಕೋಣೆಯಲ್ಲಿ ರಾಗಿ ಮೂಟೆ. ಇನ್ನೊಂದರಲ್ಲಿ ಬಾಣಂತಿ. ಒಬ್ಬ ಬಾಣಂತಿ ಎದ್ದರೆ ಇನ್ನೊಬ್ಬಳು. ಉಳಿದ ಹೆಂಗಸರು ನಡುಮನೆಯಲ್ಲಿ ಸಾಲಾಗಿ, ಗಂಡಸರು ಜಗುಲಿಯಲ್ಲಿ ಸಾಲಾಗಿ, ನಡುವಿನ ಹೊಸ್ತಿಲಿಗೆ ಅಡ್ಡಲಾಗಿ ಅವ್ವ ಮಲಗುತ್ತಿದ್ದರು. ಹಾಗಿದ್ದರೆ ಬಾಣಂತಿಯರು ಎಲ್ಲಿಂದ ಬರುತ್ತಿದ್ದರು ಎಂದು ಕೇಳಬೇಡಿ. ನನಗೂ ಬಹಳ ದಿನ ಅದು ಗೊತ್ತಾಗಿರಲಿಲ್ಲ.

ಇರಲಿ, ಪ್ಲಗ್ಗಿನ ವಿಷಯಕ್ಕೆ ಬರೋಣ. ಮೋಟಾರ್ ಸೈಕಲ್ಲಿನ ಎಂಜಿನ್ನಿನ ನೆತ್ತಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಗ್ಗು ಇರುತ್ತದೆ. ಅದರ ಮೂತಿಯಲ್ಲಿ ಕಿಡಿ ಹಾರಿದರೆ ಪೆಟ್ರೋಲ್ ಹೊತ್ತಿಕೊಂಡು ಗಾಡಿ ಓಡುತ್ತದೆ. ಮೂತಿಗೆ ಮಸಿ ಹಿಡಿದರೆ ಕಿಡಿ ಇಲ್ಲ, ಗಾಡಿ ನಿಂತಿತು. ಇಷ್ಟು ವಿಷಯ ಆ ಮನೆಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿತ್ತು. ಏಕೆಂದರೆ ಚಿಕ್ಕಮಾವ ದನದ ನಾಲಿಗೆ ನೋಡಿದ ಹಾಗೆಯೇ ದಿನಾ ಪ್ಲಗ್ಗು ಬಿಚ್ಚಿ ನೋಡಿ, ರೋಗ ಇಂಥದ್ದು ಎಂದು ಊಟದ ಪಂಕ್ತಿಯಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು.

"ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಮಸಿ ಜಿಡ್ಡಾಗಿದ್ದರೆ ಎಣ್ಣೆ ಮೇಲಕ್ಕೆ ಹತ್ತುತ್ತಾ ಇದೆ ಅಂತ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಎಂಜಿನ್ನಿಗೆ ಜ್ವರ. ಹಾಲು ಕಮ್ಮಿ ಹಾಕಿದ ಕಾಫಿ ಬಣ್ಣ ಬಂತೋ, ಅದು ಆರೋಗ್ಯ!"

ಆರೋಗ್ಯದ ಮಾದರಿ ಎಂದು ಒಂದು ಪ್ಲಗ್ಗನ್ನು ಅವರು ಕೋಟಿನ ಜೇಬಿನಲ್ಲಿ ಕರ್ಚೀಫು ಸುತ್ತಿ ಇಟ್ಟುಕೊಂಡಿದ್ದರು. ಅದು ಮೈಸೂರು ಬೆಂಗಳೂರು ನಡುವೆ ಓಡುವ ಒಂದು ಬಸ್ಸಿನದು, ಮದ್ದೂರಿನ ಮಿಸ್ತ್ರಿ ಸಾಬರು ಕೊಟ್ಟದ್ದು. ಬೇರೆಯವರ ಜೇಬಿನಲ್ಲಿ ದೇವರ ಪಟ ಇರುತ್ತದೆ.

ಯುದ್ಧದಿಂದಾಗಿ ಹೊಸ ಪ್ಲಗ್ಗು ಸಿಗುತ್ತಿರಲಿಲ್ಲ. ಇದ್ದದ್ದನ್ನೇ ಸುಟ್ಟು, ಉಜ್ಜಿ, ಮತ್ತೆ ಹಾಕಬೇಕು. ಸುಡುವುದೆಲ್ಲಿ? ಅಡುಗೆಮನೆ ಒಲೆಯಲ್ಲಿ! ಒಂದು ಬೆಳಿಗ್ಗೆ ಅವ್ವ ಇಕ್ಕಳದಿಂದ ಕೆಂಡ ಕೆದಕಿದರೆ ಬದನೇಕಾಯಿಯ ಪಕ್ಕದಲ್ಲಿ ಪ್ಲಗ್ಗು ಕೆಂಪಗೆ ಕಾದು ಕೂತಿದೆ.

"ಏನ್ಲಾ ಇದು?"

"ಪ್ಲಗ್ಗು ಕಣವ್ವ."

"ಇದ್ನ ತಿಂತಾರಾ?"

"ತಿನ್ನಾಕಿಲ್ಲ ಕಣವ್ವ. ಸುಡೋದು ಅಷ್ಟೇ."

ಆವತ್ತು ಮುದ್ದೆಯ ಜೊತೆಗೆ ಬದನೇಕಾಯಿ ಗೊಜ್ಜು. ಇಪ್ಪತ್ತಮೂರು ಜನವೂ ಒಂದೊಂದು ತುತ್ತು ನುಂಗಿ ಗೊಜ್ಜನ್ನು ಮೂಸಿ ನೋಡಿದರು. ಕೊನೆಗೆ ಅವ್ವ ಕೇಳಿದರು, "ಈ ಬದ್ನೇಕಾಯಿ ಎಲ್ಲಿ ಬೆಳ್ದಿದ್ದು? ಬಸ್‌ಸ್ಟಾಂಡಲ್ಲಾ?"

ಪ್ಲಗ್ಗು ಉಜ್ಜಿದ ಮೇಲೆ ಕಿಡಿ ಹಾರುತ್ತದೆಯೋ ಇಲ್ಲವೋ ನೋಡಬೇಕು. ಅದಕ್ಕೆ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು, ಗಾಡಿಯನ್ನು ಕಾಲಿನಿಂದ ಒದೆಯುತ್ತಾರೆ. ಒಮ್ಮೆ ದನದ ಪಟ್ಟಿ ಬರೆಸಿಕೊಳ್ಳಲು ಬಂದಿದ್ದ ಶ್ಯಾನುಭೋಗರ ಕೈಗೆ ಚಿಕ್ಕಮಾವ ಪ್ಲಗ್ಗು ಕೊಟ್ಟು, "ಸ್ವಲ್ಪ ಹಿಡ್ಕೊಳಿ ಸ್ವಾಮಿ, ನೀಲಿ ಕಿಡಿ ಕಂಡರೆ ಹೇಳಿ" ಎಂದರು. ಎಲ್ಲಿ ಹಿಡಿಯಬೇಕು ಎಂದು ಹೇಳಲಿಲ್ಲ. ಒಂದು ಒದೆತಕ್ಕೆ ಶ್ಯಾನುಭೋಗರು ಪಂಚೆಯ ಸಮೇತ ತಿಪ್ಪೆಯ ಆಚೆಗೆ ಹಾರಿದರು. ರುಮಾಲು ಈಚೆಗೇ ಉಳಿಯಿತು. ಚಿಕ್ಕಮಾವ ರುಮಾಲು ಎತ್ತಿ ಧೂಳು ಕೊಡವುತ್ತ, "ಕರೆಂಟು ಚೆನ್ನಾಗಿದೆ" ಎಂದರು.

ನನ್ನ ಮದುವೆಯಾದದ್ದೂ ಪ್ಲಗ್ಗಿನಿಂದಲೇ! ಹೆಣ್ಣು ನೋಡಲು ಕೆರಗೋಡಿಗೆ ಬಂದಾಗ ಅವ್ವ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಎಲ್ಲಾ ಸರಿ, ಬಣ್ಣ ಒಸಿ ಕಮ್ಮಿ" ಎಂದರು. ನಮ್ಮಪ್ಪನ ಮುಖ ಇಳಿದುಹೋಯಿತು. ಚಿಕ್ಕಮಾವ ಜೇಬಿನಿಂದ ಕರ್ಚೀಫು ತೆಗೆದು, ಬಿಚ್ಚಿ, ಆ ಬಸ್ಸಿನ ಪ್ಲಗ್ಗನ್ನು ನನ್ನ ಕೆನ್ನೆಯ ಹತ್ತಿರ ಹಿಡಿದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. "ಅವ್ವ, ಇದಕ್ಕಿಂತ ಒಳ್ಳೇ ಬಣ್ಣ ಪ್ರಪಂಚದಲ್ಲಿ ಇಲ್ಲ. ನಾನು ಹೇಳ್ತಿದ್ದೀನಿ" ಎಂದರು. ನಮ್ಮಪ್ಪ ಅದು ಯಾವುದೋ ದೇವಸ್ಥಾನದ ತಾಯಿತ ಎಂದುಕೊಂಡು ಕೈ ಮುಗಿದರು. ಮದುವೆ ನಿಶ್ಚಯವಾಯಿತು.

ಇಷ್ಟೆಲ್ಲ ತಿಳಿದ ಪಂಡಿತರ ಸ್ವಂತ ಗಾಡಿಯ ಪ್ಲಗ್ಗು ಮಾತ್ರ ವಾರಕ್ಕೊಮ್ಮೆ, ತಪ್ಪದೆ, ಮಂಗಳವಾರವೇ ಕೆಡುತ್ತಿತ್ತು. ಮಂಗಳವಾರ ಅವರಿಗೆ ಮದ್ದೂರಿನ ದನದ ಆಸ್ಪತ್ರೆಯಲ್ಲಿ ಕೆಲಸ. ಅವರ ಹೆಂಡತಿ ಚಿಕ್ಕತ್ತೆಗೂ ಮಂಗಳವಾರವೇ ಕಿವಿನೋವು. ಕಿವಿಯ ಡಾಕ್ಟರು ಮದ್ದೂರಿನಲ್ಲೇ ಇದ್ದರು. ಗಂಡ ಮುಂದೆ, ಹೆಂಡತಿ ತೊಟ್ಟಿಲಲ್ಲಿ, ಗುಡುಗುಮಾರಿ ಬೆಳಿಗ್ಗೆ ಏಳಕ್ಕೆ ಹೊರಟು ಕಾಳಮುದ್ದನದೊಡ್ಡಿ ದಾಟುತ್ತಲೇ ನಿಂತುಬಿಡುತ್ತಿತ್ತು. ಹನ್ನೆರಡಕ್ಕೆ ಮದ್ದೂರು. ವಾಪಸ್ಸು ಬರುವಾಗಲೂ ಅದೇ ಕಥೆ. ಸಂಜೆ ಮನೆಗೆ ಬಂದು ಚಿಕ್ಕಮಾವ ನಿಟ್ಟುಸಿರು ಬಿಟ್ಟು, "ಒಣ ಮಸಿ" ಎನ್ನುತ್ತಿದ್ದರು. ಚಿಕ್ಕತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಅವರ ಮುಖ ನೋಡಿದರೆ ಐದು ಗಂಟೆ ಬಿಸಿಲಲ್ಲಿ ಕಾದವರಂತೆ ಇರುತ್ತಿರಲಿಲ್ಲ.

ಅವ್ವನಿಗೆ ತಾಳ್ಮೆ ಕೆಟ್ಟಿತು. "ಗಾಡಿ ಮಾರ್ಬುಡ್ಲಾ. ಸರ್ಕಾರದ ಸೈಕಲ್ ತುಳ್ಕೊಂಡು ಓಗು."

"ಮಾರೋದು ಯಾಕವ್ವ? ಪ್ಲಗ್ಗು ಒಂದು ಸರಿಯಾದರೆ..."

"ಆ ಪಿಲಗ್ಗು ಈ ಜನ್ಮದಾಗೆ ಸರಿಯಾಗಾಕಿಲ್ಲ. ಈ ಮಂಗಳವಾರ ನಾನೇ ಬತ್ತೀನಿ. ದಾರೀಲಿ ನಿಂತ್ರೆ ಮದ್ದೂರಲ್ಲೇ ಮಾರಿ ಬಸ್ಸಲ್ಲಿ ಬರಾನ."

ಆ ಮಂಗಳವಾರ ಚಿಕ್ಕತ್ತೆಗೆ ಕಿವಿನೋವು ಬರಲಿಲ್ಲ. ಅವ್ವ ತೊಟ್ಟಿಲಲ್ಲಿ ಕೂತರು. ಅವರ ಎಲೆ ಅಡಿಕೆ ಚೀಲ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ, ಕಾಲ ಬುಡದಲ್ಲಿ ನಾನು ಮುದುಡಿಕೊಂಡೆ. ಚಿಕ್ಕಮಾವನ ಮುಖ ಸುಣ್ಣದ ಹಾಗಿತ್ತು. ಅವರ ಕಷ್ಟ ನನಗೆ ಆಮೇಲೆ ಅರ್ಥವಾಯಿತು. ಗಾಡಿ ನಿಂತರೆ ಮಾರಬೇಕು. ನಿಲ್ಲದಿದ್ದರೆ ಇಷ್ಟು ದಿನ ಯಾಕೆ ನಿಲ್ಲುತ್ತಿತ್ತು ಎಂದು ಹೇಳಬೇಕು!

ಅವರು ಮೆಲ್ಲಗೇ ಹೊರಟರು. ಆದರೆ ಪಕ್ಕದಲ್ಲಿ ಅವ್ವ ಸುಮ್ಮನಿರಬೇಕಲ್ಲ? "ಆ ಎತ್ತಿನ ಗಾಡಿ ಮುಂದಕ್ಕೋಯ್ತಲ್ಲಾ! ಓಡುಸ್ಲಾ! ಇನ್ನೂ ಓಡುಸ್ಲಾ!" ಗುಡುಗುಮಾರಿ ಆವತ್ತು ಓಡಿದ ಹಾಗೆ ನಾನು ಎಂದೂ ನೋಡಿಲ್ಲ. ಕೋಳಿಗಳು ಮನೆಯ ಮಾಡಿನ ಮೇಲೆ ಹತ್ತಿದವು. ಮುಕ್ಕಾಲು ಗಂಟೆಗೆ ಮದ್ದೂರು.

ಮಿಸ್ತ್ರಿ ಸಾಬರು ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದರು. ಒಳ್ಳೇ ಮನುಷ್ಯ, ಬಾಯಿ ಮಾತ್ರ ಸ್ವಲ್ಪ ಸಡಿಲ. "ಏನ್ ಸ್ವಾಮಿ ಇದು! ಎಷ್ಟ್ ಚೆನ್ನಾಗಿ ಬಣ್ಣ ಬಂದ್ಬುಟ್ಟೈತೆ! ಇವತ್ತು ಮನೆ ಅಮ್ಮನೋರು ಬರ್ಲಿಲ್ವಾ?"

ಚಿಕ್ಕಮಾವ ದೂರದಲ್ಲಿ ಹೋಗುತ್ತಿದ್ದ ಒಂದು ರೈಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಯಾಕಪ್ಪಾ, ಅವ್ಳಿಗೂ ಪಿಲಗ್ಗಿಗೂ ಏನು?" ಅವ್ವ ಕೇಳಿದರು.

"ಅದೇ ನನಗೂ ತಿಳೀದು ಕಣಮ್ಮ. ಸ್ವಾಮಿ ಒಬ್ರೇ ಬಂದ್ರೆ ಪ್ಲಗ್ಗು ಹಿಂಗೇ ಚೊಕ್ಕ. ಅಮ್ಮನೋರು ಬಂದ್ರೆ ಬರೀ ಮಸಿ. ಎಂಜಿನ್ನಿಗೆ ಗಾಳಿ ಬಿಡೋ ಕಡ್ಡೀನ ಅರ್ಧ ಮುಚ್ಚಿ, ನಡ್ಕೊಂಡು ಹೋಗೋ ಅಷ್ಟು ಮೆಲ್ಲಗೆ ಬಂದ್ರೆ ಇನ್ನೇನಾಗ್ತದೆ? ಗಾಡೀಲಿ ರೋಗ ಇಲ್ಲಮ್ಮ."

ಅವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ತೊಟ್ಟಿಲು ಹತ್ತಿದರು. ವಾಪಸ್ಸು ಬರುವಾಗ ಕಾಳಮುದ್ದನದೊಡ್ಡಿ ಹತ್ತಿರ ನಾಲೆ ಏರಿಯ ಮೇಲೆ, "ಕಾಲು ಜೋಮು ಹಿಡೀತು, ನಿಲ್ಸು" ಎಂದರು. ಚಿಕ್ಕಮಾವ ಯಾವ ಜಾಗ ಎಂದು ನೋಡಿಕೊಳ್ಳಲಿಲ್ಲ, ಕೈ ತಾನಾಗಿಯೇ ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿಬಿಟ್ಟಿತು. ಒಳ್ಳೇ ನೆರಳು. ಕೂರಲು ಒಂದು ಚಪ್ಪಡಿ. ಚಪ್ಪಡಿಯ ಎದುರಿಗೆ ಕಡಲೆಕಾಯಿ ಸಿಪ್ಪೆಯ ರಾಶಿ. ಒಂದು ದಿನದ ಸಿಪ್ಪೆಯಲ್ಲ, ಕೆಳಗಿನದು ಕೊಳೆತು ಮಣ್ಣಾಗಿತ್ತು, ಮೇಲಿನದು ಹೊಸದು. ಪಕ್ಕದಲ್ಲಿ ಚಿಕ್ಕತ್ತೆಯ ಕಿವಿಯ ಹತ್ತಿ.

ಅವ್ವ ಊರುಗೋಲಿನಿಂದ ರಾಶಿಯನ್ನು ಒಮ್ಮೆ ಕೆದಕಿದರು. ಮಗನನ್ನು ನೋಡಿದರು. ಆ ಮನೆಯಲ್ಲಿ ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲ, ಹಿರಿಯರು ಇಲ್ಲದ ಜಾಗ ಆ ಮನೆಯಲ್ಲಿರಲಿಲ್ಲ. ಇಪ್ಪತ್ತು ವರ್ಷದಿಂದ ಚಿಕ್ಕಮಾವ ಚಿಕ್ಕತ್ತೆ ಸಂಸಾರದ ಮಾತನ್ನೆಲ್ಲ ಈ ಚಪ್ಪಡಿಯ ಮೇಲೋ, ಇಂಥದ್ದೇ ಇನ್ಯಾವುದೋ ಚಪ್ಪಡಿಯ ಮೇಲೋ ಕೂತು ಆಡಿದ್ದರು. ನಲವತ್ತೈದು ದಾಟಿದ ಸರ್ಕಾರಿ ನೌಕರರು ಶಾಲೆ ತಪ್ಪಿಸಿಕೊಂಡು ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. ಮನೆಗೆ ಬಂದ ಮೇಲೆ ಅವ್ವ ಎಲ್ಲರಿಗೂ ಕೇಳುವ ಹಾಗೆ ಒಂದೇ ಮಾತು ಹೇಳಿದರು, "ಗಾಡಿ ಇರ್ಲಿ ಬುಡು." ಮುಂದಿನ ಮಂಗಳವಾರ ಚಿಕ್ಕತ್ತೆಯ ಕಿವಿನೋವು ಮರುಕಳಿಸಿತು.

ಆ ಕಡಲೆಕಾಯಿ ಸಿಪ್ಪೆ ನೋಡಿ ಎಲ್ಲರಿಗಿಂತ ಹೆಚ್ಚು ಹೊಟ್ಟೆ ಉರಿದದ್ದು ನನಗೆ. ನಾನು ಬಂದು ನಾಲ್ಕು ತಿಂಗಳಾಗಿತ್ತು. ನನ್ನ ಗಂಡ ನನ್ನೊಡನೆ ಆಡಿದ ಮಾತು ಒಟ್ಟು ಮೂರು. "ನೀರು", "ಸಾಕು", ಇನ್ನೊಂದು ಸಲ ಕತ್ತಲೆಯಲ್ಲಿ ಎಡವಿದಾಗ "ಯಾರು?" ಇಂಥವರಿಗೆ ನಾನು ಬೇಕಾಗಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಗೌರಿ ಹಬ್ಬಕ್ಕೆ ಅಣ್ಣ ಕರೆಯಲು ಬಂದರೆ ಹೋಗಿಬಿಡುವುದು, ಮತ್ತೆ ಬರದೇ ಇರುವುದು ಎಂದು ತೀರ್ಮಾನ ಮಾಡಿದ್ದೆ. ತವರಿನಿಂದ ತಂದ ಸೀರೆಗಳನ್ನು ಬೇರೆ ಮಡಿಸಿ ಟ್ರಂಕಿನ ತಳಕ್ಕೆ ಇಟ್ಟೂ ಆಗಿತ್ತು. ಯಾರಿಗೂ ಹೇಳಿರಲಿಲ್ಲ. ಆದರೆ ಚಿಕ್ಕತ್ತೆ ಒಮ್ಮೆ ತೆರೆದಿದ್ದ ನನ್ನ ಟ್ರಂಕು ಸರಿಸುವಾಗ ತಳದ ಸೀರೆ ಕಂಡು, ನನ್ನ ಮುಖ ನೋಡಿದ್ದರು. ಕಿವಿನೋವು ಮರುಕಳಿಸಿದ ಆ ಮಂಗಳವಾರ ಹೊಂಗೆ ಮರದ ಕೆಳಗೆ ಗಂಡ ಹೆಂಡತಿ ಏನು ಮಾತಾಡಿಕೊಂಡರೋ ನನಗೆ ತಿಳಿಯದು.

ಮಾರನೆಯ ದಿನ ಚಿಕ್ಕಮಾವ ಬೆಳಗಿನ ಪಂಕ್ತಿಯಲ್ಲಿ ಕೂಗಿ ಹೇಳಿದರು. "ಪ್ಲಗ್ಗು ಸಾಬರಿಗೆ ತೋರಿಸಬೇಕು. ನನಗೆ ಭುಜ ಹಿಡಿದಿದೆ." ನನ್ನ ಗಂಡನ ಕಡೆ ತಿರುಗಿ, "ನೀನು ತಗೊಂಡು ಹೋಗ್ಲಾ. ಓಡಿಸೋದು ಕಲಿಸಿದ್ದೀನಲ್ಲ. ನಿನ್ನ ಎಂಡ್ರುನ್ನೂ ಕೂರಿಸ್ಕೋ. ತೊಟ್ಟಿಲು ಖಾಲಿ ಇದ್ದರೆ ಗಾಡಿ ಮೊಗುಚಿಕೊಳ್ತದೆ."

"ಬಾರ ಬೇಕಾದ್ರೆ ಒಂದು ಮೂಟೆ ರಾಗಿ ಆಕ್ಕೊಂಡು ಓಗ್ಲಿ" ಎಂದರು ನಮ್ಮ ಮಾವ.

"ರಾಗಿ ತಾಲ್ಲೂಕು ದಾಟಿಸೋಕೆ ಪರ್ಮಿಟ್ ಬೇಕು ಅಣ್ಣ."

"ಎಂಡ್ರಿಗೆ ಬ್ಯಾಡ್ವಾ?"

"ಆ ಕಾನೂನು ಇನ್ನೂ ಬಂದಿಲ್ಲ."

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, "ಮೊಗುಚ್ಕೊಂಡ್ರೆ ಕಷ್ಟ" ಎಂದರು.

ಹೊರಡುವಾಗ ಚಿಕ್ಕತ್ತೆ ನನ್ನ ಮಡಿಲಿಗೆ ಕಡಲೆಕಾಯಿ ಗಂಟು ತುರುಕಿದರು. ಚಿಕ್ಕಮಾವ ಗಂಡನ ಕಿವಿಯಲ್ಲಿ ಗಾಳಿ ಕಡ್ಡಿ ಎಷ್ಟು ಮುಚ್ಚಬೇಕು, ಎಷ್ಟು ಮೆಲ್ಲಗೆ ಹೋಗಬೇಕು, ಎಲ್ಲಿ ಗಾಡಿ ತಾನಾಗಿ ನಿಲ್ಲುತ್ತದೆ ಎಲ್ಲವನ್ನೂ ಹೇಳಿದರು. "ಪ್ಲಗ್ಗು ಪೂರ್ತಿ ಆರೋವರೆಗೂ ಮುಟ್ಟಬೇಡ ಕಣ್ಲಾ. ಎರಡು ಗಂಟೆ ಬೇಕು."

ನನ್ನ ಗಂಡನಿಗೆ ಪಕ್ಕದಲ್ಲಿ ನಾನು ಕೂತಿದ್ದಕ್ಕೆ ಎಷ್ಟು ಗಾಬರಿಯಾಗಿತ್ತೆಂದರೆ ಗಾಳಿ ಕಡ್ಡಿಯನ್ನು ಪೂರ್ತಿ ತೆರೆದು ಗಾಡಿಯನ್ನು ಬಾಣದ ಹಾಗೆ ಬಿಟ್ಟರು! ದೊಡ್ಡಿ ಬಂತು, ಹೋಯಿತು. ನಾಲೆ ಏರಿ ಬಂತು. ಎಂಜಿನ್ನು ಹಾಡುತ್ತಿದೆ. ದೂರದಲ್ಲಿ ಹೊಂಗೆ ಮರ ಕಾಣಿಸಿತು. ಇನ್ನು ಒಂದು ನಿಮಿಷ ಹೋದರೆ ಮರವೂ ಹಿಂದಕ್ಕೆ ಹೋಗುತ್ತದೆ, ಆಮೇಲೆ ಮದ್ದೂರು, ಆಮೇಲೆ ಮನೆ, ಆಮೇಲೆ ಗೌರಿ ಹಬ್ಬ.

"ನಿಲ್ಸಿ!" ಎಂದು ಕೂಗಿದೆ. ನಾನು ಗಂಡನೊಡನೆ ಆಡಿದ ಮೊದಲನೇ ಮಾತು.

ಅವರು ಹೆದರಿ ನಿಲ್ಲಿಸಿದರು. ಏನು ಮಾಡುವುದೆಂದು ತೋಚದೆ, ಹೇಳಿಕೊಟ್ಟ ಹಾಗೆ ಪ್ಲಗ್ಗು ಬಿಚ್ಚಿ, ಬೆರಳು ಸುಟ್ಟುಕೊಂಡು, ಪಂಚೆಯ ತುದಿಯಲ್ಲಿ ಹಿಡಿದು ನೋಡಿದರು. "ಚೆನ್ನಾಗೇ ಇದೆಯಲ್ಲ?"

"ಗೌರಿ ಹಬ್ಬಕ್ಕೆ ಹೋದರೆ ನಾನು ಮತ್ತೆ ಬರೋದಿಲ್ಲ" ಎಂದೆ.

ಅವರು ಚಪ್ಪಡಿಯ ಮೇಲೆ ಕೂತುಕೊಂಡರು. ಆಮೇಲೆ, "ನಾನು ದಿನಾ ಹೇಳ್ತಾ ಇದ್ದದ್ದು ನಿನಗೆ ಕೇಳಿಸಲೇ ಇಲ್ವಾ?" ಎಂದರು.

"ಯಾವಾಗ ಹೇಳಿದ್ರಿ?"

"ಕೊಟ್ಟಿಗೇಲಿ. ಗೋಡೆ ಆಚೆ ಅಡುಗೆಮನೇಲಿ ನೀನು ಇರ್ತೀಯ ಅಂತ ಎತ್ತಿಗೆ ಗಟ್ಟಿಯಾಗಿ ಹೇಳ್ತಿದ್ದೆ. ಊಟ ಆಯ್ತಾ, ಊರಿನ ನೆನಪು ಬಂತಾ, ಯಾಕೆ ನಿನ್ನೆ ಕಣ್ಣು ಕೆಂಪಗಿತ್ತು ಅಂತ."

ಹೌದು, ಕೇಳಿಸಿತ್ತು. ನಾಲ್ಕು ತಿಂಗಳಿಂದ ದಿನಾ ಕೇಳಿಸಿತ್ತು. ಈ ಮನುಷ್ಯನಿಗೆ ಎತ್ತಿನ ಮೇಲೆ ಎಷ್ಟೊಂದು ಪ್ರೀತಿ ಎಂದುಕೊಂಡಿದ್ದೆ! ನಾನು ನಗಲು ಹೋಗಿ ಅತ್ತುಬಿಟ್ಟೆ. ಅವರಿಗೆ ಏನು ಮಾಡಬೇಕೆಂದು ತಿಳಿಯದೆ ಒಂದೊಂದೇ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತ ಹೋದರು. ಗಂಟು ಮುಗಿಯುವವರೆಗೂ ಕೂತೆವು. ಅವರು ಅಷ್ಟು ಮಾತುಗಾರರು ಎಂದು ನನಗೆ ಗೊತ್ತೇ ಇರಲಿಲ್ಲ. ಗೌರಿ ಹಬ್ಬಕ್ಕೆ ಕೆರಗೋಡಿಗೆ ಹೋದೆ, ಹೋದ ಐದನೆಯ ದಿನ ನಾನೇ ಅಣ್ಣನನ್ನು ಹೊರಡಿಸಿಕೊಂಡು ವಾಪಸ್ಸು ಬಂದೆ. ಅದು ಆಮೇಲಿನ ಮಾತು.

ಆ ದಿನ ನಾವು ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಗಾಡಿಯ ಸದ್ದು ಕೇಳುತ್ತಲೇ ಚಿಕ್ಕಮಾವ ಸ್ಪ್ಯಾನರು ಹಿಡಿದು ಅಂಗಳಕ್ಕೆ ಓಡಿ ಬಂದರು. ಭುಜನೋವು ಮರೆತುಹೋಗಿತ್ತು. ಮನೆಯವರೆಲ್ಲ ಜಗುಲಿಯ ಮೇಲಿದ್ದರು. ಪ್ಲಗ್ಗು ಬಿಚ್ಚಿ ನೋಡಿದರು. ಒಂದು ಚೂರೂ ಮಸಿ ಇಲ್ಲ. ಅವರ ಮುಖ ಬಿದ್ದುಹೋಯಿತು. "ಎಲ್ಲೂ ನಿಲ್ಲಲೇ ಇಲ್ವೇನ್ಲಾ?" ಎಂದು ಬಹಳ ಮೆಲ್ಲಗೆ ಕೇಳಿದರು.

"ನಿಂತಿತ್ತು ಚಿಕ್ಕಪ್ಪ. ಮೂರು ಗಂಟೆ."

"ಪ್ಲಗ್ಗು ಸರಿಯಾಗೇ ಇದೆಯಲ್ಲೋ. ಮತ್ತೆ ಯಾಕೆ ನಿಂತಿತು?"

ನನ್ನ ಗಂಡ ತಲೆ ತಗ್ಗಿಸಿ, "ಇವಳು ನಿಲ್ಲಿಸು ಅಂದ್ಲು" ಎಂದರು.

ಚಿಕ್ಕಮಾವ ನನ್ನನ್ನು ನೋಡಿದರು. ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಮುಖದ ತುಂಬ ಕಪ್ಪು ಪಟ್ಟೆ. ಜಗುಲಿಯ ಮೇಲೆ ಯಾರೂ ನಗಲಿಲ್ಲ. ಆಗ ಚಿಕ್ಕತ್ತೆ ಅಡುಗೆಮನೆಯಿಂದ ಇಳಿದು, ಅಷ್ಟು ಜನರ ಎದುರಿಗೆ, ಅವ್ವನ ಎದುರಿಗೆ, ಅಂಗಳದ ನಡುವಿಗೆ ನಡೆದುಬಂದು, ಸೆರಗಿನ ತುದಿಯನ್ನು ಕೈಯ ಚೊಂಬಿನ ನೀರಿಗೆ ಅದ್ದಿ, ಗಂಡನ ಮುಖವನ್ನು ಒರೆಸಿದರು. "ಹಿಂಗೆ ತಿರುಗಿ" ಎಂದರು. ಅವರು ತಿರುಗಿದರು. ಅವ್ವ ಗೋಡೆಯ ಕಡೆ ಮುಖ ಮಾಡಿಕೊಂಡು, ಮಡಿಲಲ್ಲೇ ಇದ್ದ ಎಲೆ ಅಡಿಕೆ ಚೀಲವನ್ನು ಬಹಳ ಹೊತ್ತು ಹುಡುಕುತ್ತಿದ್ದರು.